ಮಿಸ್ಟರ್ ಯೋಪ್‌ರ ದ್ವೀಪ

ಜುಲೈ 17, 2007. ದುಖಾನ್, ಕತಾರ್

ಬೆಳಿಗ್ಗೆ ಆರಕ್ಕೆ ಆಫೀಸು. ನಲವತ್ತೆರಡು ಜನರ ಟೈಮ್‌ಶೀಟ್. ದೂಮಪ್ಪನ ಓವರ್‌ಟೈಮ್ ಎರಡು ಕಡೆ ಬರೆದಿತ್ತು, ಸರಿಮಾಡಿದೆ. ಎ.ಸಿ. ಮತ್ತೆ ಕೆಟ್ಟಿದೆ.

ನಮ್ಮ ಡಚ್ ಮ್ಯಾನೇಜರ್ ಮಿಸ್ಟರ್ ಯೋಪ್ ತೀರಿಹೋಗಿ ಇಂದಿಗೆ ಐದು ವಾರ. ಅವರ ಕುರ್ಚಿಯಲ್ಲಿ ಇನ್ನೂ ಯಾರೂ ಕೂತಿಲ್ಲ.

ದೋಹಾದಿಂದ ಬಂದ ಟಪಾಲಿನಲ್ಲಿ ನನಗೊಂದು ಕಾಗದ. ಅವರ ಅಕ್ಕ ಗ್ರೀತ್ ಬರೆದದ್ದು. ನಿಧಾನದ ಇಂಗ್ಲಿಷ್, ದೊಡ್ಡ ಅಕ್ಷರ. ‘ಹನ್ನೊಂದು ವರ್ಷದಿಂದ ತಮ್ಮನ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದೇನೆ. ಆಗಸ್ಟಿನಲ್ಲಿ ನಿಮ್ಮನ್ನು ನಮ್ಮ ದ್ವೀಪಕ್ಕೆ ಕರೆತರುವವನಿದ್ದ. ಟಿಕೆಟ್ ಇದೆ, ವೀಸಾ ಇದೆ. ನೀವಾದರೂ ಬನ್ನಿ. ಕೊನೆಯಲ್ಲಿ ಜೊತೆಗಿದ್ದವರು ನೀವು.’

ಮಡಚಿ ಡ್ರಾಯರಿನಲ್ಲಿ ಇಟ್ಟೆ. ಮತ್ತೆ ತೆಗೆದೆ.

ಜುಲೈ 20, ಶುಕ್ರವಾರ

ಮನೆಗೆ ಫೋನ್, ಕಿನ್ನಿಗೋಳಿಗೆ. ಅಪೊಲೋನಿಯಾಳಿಗೆ ಸಿಟ್ಟು.

“ಎರಡು ವರ್ಷ ಆಯ್ತು ನೀವು ಮನೆಗೆ ಬಾರದೆ. ಈಗ ಹತ್ತು ದಿನದ ರಜೆ ಬಿಳಿಯರ ಊರಲ್ಲಿಯಾ? ಸಮುದ್ರ ಇಲ್ಲಿ ಇಲ್ವಾ?”

“ತೀರಿಹೋದವರ ಮನೆ ಅದು.”

“ಹಾಗಾದರೆ ಹೋಗಿ. ಪಾಪ, ಒಳ್ಳೆಯ ಮನುಷ್ಯ. ಕೈ ಬೀಸಿಕೊಂಡು ಹೋಗಬೇಡಿ.”

ಆಗಸ್ಟ್ 8

ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಸಿಕ್ಕಿತು. ಎಚ್.ಆರ್.ನ ಕಾಸ್ಮಿರ್ ನಮ್ಮ ಕಡೆಯ ಕೊಂಕಣಿಯವ, ಮರ್ಯಾದೆಗೆ ನನ್ನನ್ನು ಬಾಬ್ ಎನ್ನುತ್ತಾನೆ. ಸೀಲು ಒತ್ತುತ್ತಾ ಹೇಳಿದ: “ಮಿಸ್ಟರ್ ಯೋಪ್ ತೀರಿದ ದಿನದ ಬಗ್ಗೆ ನೀವು ಬರೆದ ರಿಪೋರ್ಟಿನ ಕಾಪಿ ಅವರ ಅಕ್ಕನಿಗೂ ಕಳಿಸಿದ್ದೇವೆ, ಯೂಸ್ಟೇಸ್ ಬಾಬ್. ಅದನ್ನು ಓದಿಯೇ ನಿಮ್ಮನ್ನು ಕರೆದದ್ದು ಇರಬೇಕು.”

ರೂಮಿಗೆ ಬಂದು ಹಿಂದಿನ ಪುಟಗಳನ್ನು ತಿರುವಿದೆ.

ಈ ಡೈರಿಯಲ್ಲಿ ಜೂನ್ 12ರ ಪುಟ ಖಾಲಿ. ಅದರ ಮುಂದಿನ ಒಂಬತ್ತು ಪುಟವೂ.

ಆಗಸ್ಟ್ 11. ಸ್ಕೀರ್‌ಮೊನಿಕೋಖ್

ವಿಮಾನ, ರೈಲು, ಬಸ್ಸು, ಕೊನೆಗೆ ಮುಕ್ಕಾಲು ಗಂಟೆ ಬೋಟು. ನೀರು ಬೂದಿ ಬಣ್ಣ. ಇಳಿತದ ಹೊತ್ತು, ಎರಡೂ ಬದಿಗೆ ಬರೀ ಕೆಸರು, ಅದರ ಮೇಲೆ ಸಾವಿರಾರು ಹಕ್ಕಿ. ಊರಿನ ಹೆಸರು ಹೇಳಲು ಹನ್ನೊಂದು ವರ್ಷ ಕಲಿಸಿದರು ಮಿಸ್ಟರ್ ಯೋಪ್. ಬೋಟಿನ ಟಿಕೆಟ್ ಕೌಂಟರಿನಲ್ಲಿ ಸರಿಯಾಗಿ ಹೇಳಿದೆ. ಕೇಳಲು ಅವರಿಲ್ಲ.

ಗ್ರೀತ್ ಬೋಟು ನಿಲ್ಲುವ ದಕ್ಕೆಯಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದೆ, ಉದ್ದ ಆಳು, ತಮ್ಮನದೇ ಮೂಗು. ಎರಡು ಸೈಕಲ್ ತಂದಿದ್ದರು. ಹೊರಗಿನವರ ಕಾರು ಇಲ್ಲಿಗೆ ಬರುವಂತಿಲ್ಲವಂತೆ. ಇಪ್ಪತ್ತು ವರ್ಷದ ಮೇಲೆ ಸೈಕಲ್ ಹತ್ತಿದೆ. ಗಾಳಿ ಬಿಟ್ಟರೆ ಸದ್ದೇ ಇಲ್ಲ ಈ ಊರಿನಲ್ಲಿ.

ಖರ್ಜೂರದ ಡಬ್ಬಿ ಕೊಟ್ಟೆ. ಎದೆಗೆ ಒತ್ತಿ ಹಿಡಿದರು.

ನನಗೆ ಕೊಟ್ಟದ್ದು ಮಿಸ್ಟರ್ ಯೋಪ್ ಹುಡುಗನಾಗಿದ್ದಾಗ ಮಲಗುತ್ತಿದ್ದ ಕೋಣೆ. ಒಂಬತ್ತು ಗಂಟೆಯಾದರೂ ಬೆಳಕು.

ಆಗಸ್ಟ್ 12

ಸಮಾಧಿಗೆ ಹೋದೆವು. ಮಣ್ಣು ಇನ್ನೂ ಹಸಿ. ಸುತ್ತ ಯಾರೋ ಕಪ್ಪೆಚಿಪ್ಪು ಜೋಡಿಸಿದ್ದಾರೆ. ಜಪಸರ ಕೈಯಲ್ಲಿತ್ತು, ಒಂದು ಮಣಿಯೂ ಮುಂದೆ ಹೋಗಲಿಲ್ಲ.

ಬರುವಾಗ ಬೇಕರಿ. ಗ್ರೀತ್ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಬೇಕರಿಯವನು ಕೌಂಟರ್ ಸುತ್ತಿ ಹೊರಗೆ ಬಂದು, ಹಿಟ್ಟಿನ ಕೈ ಒರೆಸಿ, ನನ್ನ ಕೈ ಹಿಡಿದ. ಬಿಡಲೇ ಇಲ್ಲ. ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರೂ ಕೈ ಕುಲುಕಿದರು.

“ಅವರಿಗೆ ಏನು ಹೇಳಿದಿರಿ?” ಎಂದು ಕೇಳಿದೆ.

“ಒಂದು ನಿಮಿಷವೂ ತಡಮಾಡದೆ ನಮ್ಮ ಯೋಪ್‌ನನ್ನು ಕಾರಿನಲ್ಲಿ ಕರೆದುಕೊಂಡು ಹೋದದ್ದು ನೀವೇ ಅಂತ. ಇಡೀ ಊರಿಗೆ ಗೊತ್ತು.”

ಆಗಸ್ಟ್ 13

ಸಮುದ್ರಕ್ಕೆ ಹೋದೆವು. ಕಣ್ಣು ಹಾಯುವಷ್ಟೂ ಮರಳು, ಜನ ನಾಲ್ಕೈದು. ಗ್ರೀತ್ ಬರಿಗಾಲಲ್ಲಿ ನೀರಿನಂಚಿಗೆ ನಡೆದರು. ನಾನೂ ಪ್ಯಾಂಟು ಮಡಚಿದೆ. ಕೊರೆಯುವ ನೀರು. ತಮ್ಮ ಈಜು ಕಲಿತ ಜಾಗ ತೋರಿಸಿದರು.

ಹೇಳಲಿಲ್ಲ.

ಆಗಸ್ಟ್ 14

ಹೇಳಿದೆ.

ಅದೇ ಮರಳಿನಲ್ಲಿ, ಮಧ್ಯಾಹ್ನ. “ಯೋಪ್‌ಗೆ ತುಂಬಾ ನೋವಾಯಿತಾ?” ಎಂದು ಅವರೇ ಕೇಳಿದರು. ಇನ್ನು ತಡೆದುಕೊಳ್ಳಲು ಆಗಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ — ಎರಡು ತಿಂಗಳಿಂದ ಬರೆಯದೆ ಬಿಟ್ಟದ್ದನ್ನು.

ಜೂನ್ 12ರಂದು ಟೈಮ್‌ಶೀಟ್ ಕಟಾಫ್. ನಾಲ್ಕರೊಳಗೆ ದೋಹಾಕ್ಕೆ ಹೋಗಬೇಕು, ಇಲ್ಲವಾದರೆ ಎಲ್ಲರ ಸಂಬಳ ತಡ. ಎರಡೂ ಮುಕ್ಕಾಲಿಗೆ ಮಿಸ್ಟರ್ ಯೋಪ್ ನನ್ನ ಮೇಜಿನ ಹತ್ತಿರ ಬಂದರು. ಎದೆಯ ಮೇಲೆ ಕೈ. “ಯೂಸ್ಟೇಸ್, ಇಲ್ಲಿ ಏನೋ ಸರಿಯಿಲ್ಲ. ದೋಹಾದಲ್ಲಿ ನನ್ನ ಡಾಕ್ಟರ ಹತ್ತಿರ ಬಿಡುತ್ತೀಯಾ?” ದುಖಾನಿನ ಕ್ಲಿನಿಕ್ ಬೇಡ ಎಂದರು. ಅವರ ಮುಖ ನೋಡಿದೆನೇ? ನೋಡಿರಬೇಕು. “ಸರ್, ಅರ್ಧ ಗಂಟೆ. ಇದೊಂದು ಮುಗಿಸುತ್ತೇನೆ” ಎಂದೆ. “ಓಕೆ, ಓಕೆ” ಎಂದರು. ಅರ್ಧ ಗಂಟೆ ಒಂದೂಕಾಲು ಗಂಟೆಯಾಯಿತು. ಹೊರಟದ್ದು ನಾಲ್ಕಕ್ಕೆ. ದೋಹಾ ದಾರಿಯಲ್ಲಿ ಶಹಾನಿಯಾ ದಾಟುವ ಮೊದಲೇ ಅವರ ತಲೆ ಕಿಟಕಿಗೆ ವಾಲಿತು.

ರಿಪೋರ್ಟಿನಲ್ಲಿ ಬರೆದೆ: ನೋವು ಎಂದು ಹೇಳಿದ್ದು ಮೂರು ಐವತ್ತೈದಕ್ಕೆ. ಹೊರಟದ್ದು ನಾಲ್ಕಕ್ಕೆ. ಕೆಳಗೆ ನನ್ನ ಸಹಿ.

ಗ್ರೀತ್ ಮರಳಿನಿಂದ ಚಪ್ಪಲಿ ಎತ್ತಿಕೊಂಡರು.

“ಐದು ನಿಮಿಷ ಅಂತ ಬರೆದಿದ್ದೀರಿ.”

“ಹೌದು.”

“ಗಂಟೆ ಬರೆಯುವುದೇ ನಿಮ್ಮ ಕೆಲಸ ಅಂತ ಯೋಪ್ ಹೇಳುತ್ತಿದ್ದ. ಯಾವತ್ತೂ ತಪ್ಪುವುದಿಲ್ಲ ಅಂತ.”

ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬರೇ ಹೊರಟುಹೋದರು. ನಾನು ಸೈಕಲ್ ತಳ್ಳಿಕೊಂಡು ಹಿಂದಿನಿಂದ, ತುಂಬಾ ಹಿಂದಿನಿಂದ ಬಂದೆ.

ಆಗಸ್ಟ್ 15

ನಮ್ಮ ಊರಿನ ಇಗರ್ಜಿಯಲ್ಲಿ ಇಂದು ಮಾತೆಯ ಹಬ್ಬ. ಇಲ್ಲಿ ಮಳೆ. ಬೆಳಿಗ್ಗೆ ಚೀಲ ಕಟ್ಟಿ ಕೆಳಗೆ ಇಳಿದೆ. ಗ್ರೀತ್ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದರು. ಕಣ್ಣು ಊದಿತ್ತು.

“ಪರವಾಗಿಲ್ಲ ಅಂತ ಹೇಳಲು ನನ್ನಿಂದ ಆಗುವುದಿಲ್ಲ” ಎಂದರು. “ಬೇಗ ಹೊರಟಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಶುಕ್ರವಾರದವರೆಗೆ ಅಂತ ಅವನೇ ಗೊತ್ತುಮಾಡಿದ್ದ. ಶುಕ್ರವಾರದವರೆಗೆ ಇರಿ.”

“ಊರಿನವರಿಗೆ...?”

“ಅದು ನಿಮಗೆ ಬಿಟ್ಟದ್ದು.”

ಮಧ್ಯಾಹ್ನಕ್ಕೂ ರಾತ್ರಿಗೂ ಬ್ರೆಡ್ಡು, ಸೂಪು.

ಆಗಸ್ಟ್ 16

ಬೇಕರಿಗೆ ಒಬ್ಬನೇ ಹೋದೆ. ಎಲ್ಲ ಹೇಳಿದೆ, ಗಡಿಯಾರ ತೋರಿಸಿ, ಬೆರಳು ಎಣಿಸಿ. ಅವನಿಗೆ ಇಂಗ್ಲಿಷ್ ಎರಡು ಮಾತು ಬರುತ್ತದೆ ಅಷ್ಟೆ. ನನ್ನ ಕಣ್ಣಲ್ಲಿ ನೀರು ಕಂಡು ಅವನ ಕಣ್ಣಲ್ಲೂ ಬಂತು. ಮತ್ತೆ ಕೈ ಹಿಡಿದ. ಬಿಸಿ ಬ್ರೆಡ್ ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ತಿನ್ನಲಾಗಲಿಲ್ಲ. ಹಕ್ಕಿಗಳಿಗೆ ಹಾಕಿದೆ.

ಆಗಸ್ಟ್ 17

ಗ್ರೀತ್ ದಕ್ಕೆಗೆ ಬಂದರು. ಕೈ ಕೊಡಲಿಲ್ಲ. ಬೋಟು ತಿರುಗುವವರೆಗೂ ನಿಂತಿದ್ದರು. ಅಷ್ಟು ದೂರದಿಂದ ಥೇಟ್ ಮಿಸ್ಟರ್ ಯೋಪ್.

ಸೆಪ್ಟೆಂಬರ್ 3. ದುಖಾನ್

ಕಾಸ್ಮಿರನ ಹತ್ತಿರ ಹೋದೆ. ರಿಪೋರ್ಟಿನಲ್ಲಿ ಟೈಮ್ ತಪ್ಪಾಗಿದೆ, ತಿದ್ದಬೇಕು ಎಂದೆ. ಬಾಗಿಲು ಹಾಕಿಕೊಂಡ.

“ಎಂತ ಬಾಬ್ ನೀವು? ಫೈಲ್ ಖಲಾಸ್. ಈಗ ಅದನ್ನು ತೆರೆದರೆ ಪೊಲೀಸು, ಕೇಸು. ನಿಮ್ಮ ವೀಸಾ ಹೋಗ್ತದೆ. ಮಗಳು ಮೆಲನಿಯ ಕಾಲೇಜು ಯಾರು ನೋಡೋದು? ನಾನು ಏನೂ ಕೇಳಲಿಲ್ಲ.”

ಬರೆದು ತಂದಿದ್ದ ಕಾಗದ ಜೇಬಿನಲ್ಲೇ ಇತ್ತು. ಹೊರಗೆ ತೆಗೆಯಲಿಲ್ಲ. ಕುರ್ಚಿಗೆ ಬಂದು ಟೈಮ್‌ಶೀಟ್ ಬರೆದೆ.

ಸೆಪ್ಟೆಂಬರ್ 7

ಫೋನಿನಲ್ಲಿ ಅಪೊಲೋನಿಯಾ ಕೇಳಿದಳು, “ಏನಾಗಿದೆ ನಿಮಗೆ? ಸ್ವರವೇ ಇಲ್ಲ.”

ಶೀತ ಎಂದೆ.

ಸೆಪ್ಟೆಂಬರ್ 30, ಸಂಜೆ

ರಂಜಾನ್. ಎರಡಕ್ಕೇ ಆಫೀಸು ಬಿಟ್ಟಿತು. ಗ್ರೀತ್‌ರಿಂದ ಕಾಗದ ಬಂದಿದೆ. ನಾಲ್ಕೇ ಸಾಲು.

‘ನೀವು ತಡಮಾಡಿದ್ದನ್ನು ಹೇಳಿದಿರಿ. ಆ ಒಂದೂಕಾಲು ಗಂಟೆ ನನ್ನ ತಮ್ಮ ಏನು ಮಾಡಿದ ಎಂದು ಹೇಳಲಿಲ್ಲ. ನೋಡಿದವರು ನೀವೊಬ್ಬರೇ. ನನಗೆ ಅದು ಬೇಕು. ನಿಮಿಷ ನಿಮಿಷ ಬರೆಯಿರಿ.’

ಬರೆಯಲು ಕೂತಿದ್ದೇನೆ. ಮೊದಲು ಇಲ್ಲಿ, ನನ್ನ ಭಾಷೆಯಲ್ಲಿ.

2.45 — ಬಂದರು, ಕೇಳಿದರು.

2.50 — ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನೀರು ಕುಡಿದರು. ಅರ್ಧ ಗ್ಲಾಸು.

3.05 — ಎದ್ದು ಕಿಟಕಿಯ ಹತ್ತಿರ ನಿಂತರು. ಹೊರಗೆ ಧೂಳು. ಏನೋ ಹಾಡು ಗುನುಗಿದರು, ಅರ್ಧಕ್ಕೆ ನಿಲ್ಲಿಸಿದರು.

3.20 — “ಅವಸರ ಮಾಡಬೇಡ, ಯೂಸ್ಟೇಸ್. ಹುಡುಗರ ಸಂಬಳ ಅದು” ಎಂದರು. ಹೌದು, ಹೇಳಿದರು. ಇಷ್ಟು ದಿನ ಇದು ನೆನಪಿಗೇ ಬರಲಿಲ್ಲ.

3.30 — ಮತ್ತೆ ಕೂತರು. ಬೆವರು. ನಾನು ಕಾಲಮ್ಮು ಕೂಡಿಸುತ್ತಿದ್ದೆ.

3.40 — ನನ್ನ ಹೆಸರು ಕರೆದರು. ತಲೆ ಎತ್ತದೆಯೇ “ಆಯಿತು ಸರ್, ಆಯಿತು” ಎಂದೆ. ಅವರು ಮೆಲ್ಲಗೆ ಏನೋ ಹೇಳಿದರು, ಅದು ನನಗೆ ಕೇಳಿಸಲಿಲ್ಲ; ಗ್ರೀತ್‌ರಿಗೆ ಹಾಗೆಯೇ ಬರೆಯಬೇಕು.