ತಟ್ಟೆಯಲ್ಲಿ ಅರ್ಧ ಬಿಡುವುದು ಹೇಗೆ

ದಾವಣಗೆರೆ, ಫೆಬ್ರವರಿ ಮೂವತ್ತು, ಎರಡು ಸಾವಿರದ ಮುನ್ನೂರ ನಲವತ್ತೊಂದು.

ಪೂಜ್ಯ ಕೊಟ್ರೇಶಪ್ಪನವರಿಗೆ, ನಿಮ್ಮ ಹನ್ನೊಂದನೇ ತಲೆಮಾರಿನ ಮೊಮ್ಮಗಳು ಗಂಗಾಂಬಿಕೆ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ಎಲ್ಲಾದರೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮದೇ ನೋಟ್‌ಬುಕ್ಕಿನಿಂದ. ತೂಕ ಇಳಿಸಲು ಹೊರಟ ಎಂಟು ತಿಂಗಳು ಹೋಟೆಲುಗಳಲ್ಲಿ ಏನೇನು ತಿಂದಿರಿ ಎಂದು ನೀವು ಬರೆದಿಟ್ಟ ಆ ನೋಟ್‌ಬುಕ್ಕು ನಮ್ಮ ಮನೆಯಲ್ಲಿದೆ. ಹತ್ತು ಸಲ ಓದಿದ್ದೇನೆ. ಒಂದೂ ತಲೆಗೆ ಹತ್ತುತ್ತಿಲ್ಲ.

ನಮ್ಮ ಮನೆಗಳಲ್ಲಿ ಅಡುಗೆಕೋಣೆ ಇಲ್ಲ. ನೂರ ನಲವತ್ತು ವರ್ಷ ಊರಿಗೆಲ್ಲ ಕೊಳವೆಯಲ್ಲಿ 'ಅಳತೆಗಂಜಿ' ಬರುತ್ತಿತ್ತು. ಅವರವರ ಮೈಗೆ ಎಷ್ಟು ಬೇಕೋ ಅಷ್ಟೇ ಬಟ್ಟಲಿಗೆ ಬೀಳುತ್ತಿತ್ತು. ಬಟ್ಟಲು ಬರಿದಾಗುವ ತನಕ ಕೂತ ಪೀಠದ ಪಟ್ಟಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಹಾಗಾಗಿ ಊಟ ಬಿಡುವುದೆಂದರೇನೆಂದೇ ನಮಗೆ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ಗಂಜಿ ನಿಂತಿತು, ಹೋಟೆಲುಗಳು ಮತ್ತೆ ಹುಟ್ಟಿದವು. ನಾವು ಅವನ್ನು 'ಆರಿಸುಮನೆ' ಎನ್ನುತ್ತೇವೆ. ಊರಿಗೆ ಊರೇ ಮೂರು ಹೊತ್ತೂ ಅಲ್ಲೇ ಉಣ್ಣುತ್ತದೆ. ಕಣ್ಣೆದುರು ಇಟ್ಟಿದ್ದನ್ನೆಲ್ಲ ಮುಗಿಸಿದರೆ ಮಾತ್ರ ಏಳಬಹುದು ಅಂತಲೇ ನಮ್ಮ ಮೈ ಇನ್ನೂ ನಂಬಿದೆ. ಮೊದಲ ವಾರ ಮೇಜಿನ ಮೇಲಿದ್ದ ಸಾಂಬಾರಿನ ಬಕೆಟ್ಟನ್ನೂ ಖಾಲಿ ಮಾಡಿ, ಇನ್ನೊಂದು ಬಂದಾಗ ಕಣ್ಣೀರು ಹಾಕಿದವರಿದ್ದಾರೆ. ಅವರಲ್ಲಿ ನಮ್ಮಣ್ಣ ಹಾಲೇಶನೂ ಒಬ್ಬ.

ಹಾಲೇಶನ ಹೃದಯದ ಕವಾಟ ಕೆಟ್ಟಿದೆ. ಏಳು ಕೆ.ಜಿ. ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಮಾರ್ಚ್ ಇಪ್ಪತ್ತಮೂರು ದಾಟಿದರೆ ಮಾಡಿಯೂ ಪ್ರಯೋಜನವಿಲ್ಲವಂತೆ. ಇಲ್ಲಿಯವರೆಗೆ ಇಳಿದಿರುವುದು ಎರಡು. ಅದಕ್ಕೇ ನಿಮ್ಮ ನೋಟ್‌ಬುಕ್ಕು ಹಿಡಿದು ಕೂತೆ. ಆದರೆ ಅಜ್ಜಾ, ಇದೇನು ಬರೆದಿದ್ದೀರಿ? ಸೋಮವಾರ 'ಬೆಣ್ಣೆ ಬೇಡ ಅಂದೆ' ಎಂದಿದೆ. ಮಂಗಳವಾರ 'ಬೇಡ ಅಂದರೂ ಹಾಕಿಯೇ ತಂದರು, ಸುಮ್ಮನೆ ತಿಂದೆ' ಎಂದಿದೆ. ಪೂರಿಯ ಬದಲು ಇಡ್ಲಿ ತೆಗೆದುಕೊಂಡ ದಿನವೇ 'ಸ್ನೇಹಿತರ ಪೂರಿಯಲ್ಲಿ ಒಂದು ತುಂಡು' ಎಂದೂ ಇದೆ. ಆ ತುಂಡು ತೂಕ ಹೆಚ್ಚಿಸಿದ್ದು ನಿಮ್ಮದನ್ನೋ ಅವರದನ್ನೋ? ಬೈಟು ಹೇಳಿದರೆ ಅರ್ಧವೇ ಹೊಟ್ಟೆಗೆ ಹೋಗುತ್ತದೆ ಎಂದು ಓದಿ ನಾವಿಬ್ಬರೂ ದೋಸೆ ಬೈಟು ಹೇಳಿದೆವು. ಸಾಲಲಿಲ್ಲ. ಉಪ್ಪಿಟ್ಟು ಬೈಟು, ವಡೆ ಬೈಟು, ಆಮೇಲೆ ಕೇಸರಿಬಾತೂ ಬೈಟು. ಹಾಲೇಶ ಮುನ್ನೂರು ಗ್ರಾಂ ಏರಿದ. ಇಷ್ಟೆಲ್ಲ ಮಾಡಿಕೊಂಡೂ ನೀವು ತೊಂಬತ್ತೆರಡರಿಂದ ಎಂಬತ್ತಮೂರಕ್ಕೆ ಇಳಿದಿರಲ್ಲ! ಹೇಗೆ ಎಂದು ಹುಡುಕಿದರೆ ಪುಟಪುಟದಲ್ಲೂ ಸಿಗುವುದು ಎರಡೇ ಪದ, 'ಅರ್ಧ ಬಿಟ್ಟೆ.'

ನಿನ್ನೆ ಹಾಲೇಶ ಬಿಟ್ಟ. ನಿಜವಾಗಿಯೂ ಬಿಟ್ಟ. ಅರ್ಧ ದೋಸೆ ತಟ್ಟೆಯಲ್ಲಿ ಉಳಿಸಿ, ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಬೆವರು ಕಿತ್ತು ಬರುತ್ತಿತ್ತು. ನನಗೆ ಖುಷಿಯಿಂದ ಕೂಗಿಬಿಡಬೇಕೆನಿಸಿತು. ಅಷ್ಟರಲ್ಲಿ ದೋಸೆ ಹಾಕುವ ಕೆಂಚಮ್ಮ ಹಂಚು ಬಿಟ್ಟು ಎದ್ದು ಬಂದು, ಸೆರಗಿಗೆ ಕೈ ಒರೆಸುತ್ತ, "ಯಾಕಣ್ಣ, ಚೆನ್ನಾಗಿಲ್ವಾ?" ಎಂದರು. ಅವರ ಮುಖ ಸಪ್ಪಗಾಗಿತ್ತು. ಹಾಲೇಶ ನನ್ನ ಕಡೆ ನೋಡಿದ. ಅವನು ಉಳಿದಿದ್ದನ್ನೆಲ್ಲ ಬಾಯಿಗೆ ತುರುಕಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿದ. ಕೆಂಚಮ್ಮ ಹಿಗ್ಗಿ ಹೀರೇಕಾಯಿಯಾಗಿ ಇನ್ನೊಂದು ತಂದಿಟ್ಟರು. ಅದನ್ನೂ ತಿಂದ.

ನನಗೆ ಭಯವಾಗಿದೆ, ಅಜ್ಜಾ. ನೀವು ತಟ್ಟೆ ದೂಡಿದಾಗಲೂ ಯಾರಾದರೂ ಬಂದು ಹೀಗೇ ಕೇಳಿರಬೇಕು. ಅವರ ಮನಸ್ಸು ನೋಯದ ಹಾಗೆ ನೀವು ಏನೋ ಒಂದು ಮಾತು ಹೇಳಿ ಎದ್ದಿರಬೇಕು. ಆ ಮಾತನ್ನು ಮಾತ್ರ ಬರೆದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿರೇನೋ. ನಮಗೆ ಗೊತ್ತಿಲ್ಲ. ಇದು ನಿಮ್ಮ ಕೈ ಸೇರಿದರೆ, ದಯವಿಟ್ಟು ಎಲ್ಲಾದರೂ ಬರೆದಿಡಿ, ನಾನು ಹುಡುಕಿಕೊಳ್ಳುತ್ತೇನೆ. ನಿಮಗೇನೂ ಅವಸರವಿಲ್ಲ, ಮುನ್ನೂರು ವರ್ಷ ಇದೆ. ಹಾಲೇಶನಿಗೆ ಇರುವುದು ಇಪ್ಪತ್ತಮೂರು ದಿನ.