ನಿನ್ನ ಪಾಲಿನ ಮಾತ್ರೆ

ವೆಂಡೆಲ್‌ಗೆ,

ನನ್ನ ಕಿಬ್ಬೊಟ್ಟೆಯ ನೋವಿಗೆ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿದರು. ಕ್ಲಮಿಡಿಯಾ ಎಂಬ ಸೋಂಕಂತೆ, ಜೊತೆ ಮಲಗಿದವರಿಂದ ಅಂಟುವಂಥದ್ದು. ನಾನು ನಿನ್ನನ್ನು ಬಿಟ್ಟು ಇನ್ನೊಬ್ಬರ ಜೊತೆ ಮಲಗಿದವಳಲ್ಲ.

ನರ್ಸ್ ಎರಡು ಪೊಟ್ಟಣ ಮಾತ್ರೆ ಕೊಟ್ಟಳು. "ಇದು ನಿಮ್ಗೆ, ಇದು ನಿಮ್ಮ ಗಂಡಂಗೆ. ಅವ್ರು ಇಲ್ಲಿಗೆ ಬರೋದೇನೂ ಬೇಡ, ತಗೊಂಡ್ರೆ ಸಾಕು," ಅಂದಳು. ನಿನ್ನ ಪಾಲನ್ನು ಈ ಪತ್ರದ ಜೊತೆ ಕಳಿಸಬೇಕೆಂದಿದ್ದೆ. ಈಗ ಅದು ನನ್ನ ಹತ್ತಿರ ಇಲ್ಲ. ನೀನು ಕೆಲಸಕ್ಕಿರುವ ಎಣ್ಣೆಬಾವಿಯ ಕ್ಯಾಂಪಿನ ಹತ್ತಿರ ಆಸ್ಪತ್ರೆ ಇದ್ದೇ ಇರುತ್ತದೆ, ಪರೀಕ್ಷೆ ಮಾಡಿಸಿಕೋ. ಅದಾಗದೆ ಮನೆಗೆ ಬರಬೇಡ.

ನನ್ನ ತಂಗಿ ಡಾರ್ಲಾಳಿಗೂ ಇದೇ ನೋವು. ಪೊಟ್ಟಣ ಅವಳ ಕೈಗಿಟ್ಟು, "ಕ್ಲಿನಿಕ್ಕಲ್ಲಿ ವೆಂಡೆಲ್‌ಗೆ ಅಂತ ಕೊಟ್ಟಿದ್ದು," ಅಂದೆ. ಏನು, ಯಾಕೆ ಎಂದು ಅವಳು ಕೇಳಲಿಲ್ಲ. "ಊಟಕ್ಕೆ ಮುಂಚೆನಾ, ಆಮೇಲಾ, ಅಕ್ಕ?" ಅಂದಳು.

ಇಷ್ಟೇ.
ರೋಂಡಾ