ಒಂದೇ ಕಡೆ ಜಾರಿದ ರಾಜನ ತಲೆ

ಅಪ್ಪಾ,

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಅದನ್ನು ನೋಡಲು ನೀನಿರಲಿಲ್ಲ. ಖುಷಿಯಿಂದ ಬರೆಯಬೇಕಾದ ಸುದ್ದಿ, ಆದರೆ ಎಲ್ಲಿಯ ಖುಷಿ? ನಮ್ಮ ಶರಣ ಭಾಲ್ಕಿ ಠಾಣೆಯಲ್ಲಿ ಕೂತಿದ್ದಾನೆ. ಅಂಗಡಿಯಲ್ಲಿ ಖೋಟಾ ಎಂಟಾಣೆ ಕೊಟ್ಟನೆಂದು ಹಿಡಿದಿದ್ದಾರೆ. ಗಾಂಧಿ ಗಂಜಿನ ಪೇಟೆಯಲ್ಲಿ ಕೂತು ಊರಿಗೆಲ್ಲ ನಾಣ್ಯದ ಖರೆ-ಖೋಟಾ ಹೇಳಿದವನು ನೀನು. ನಿನ್ನ ಮಗನಿಗೆ ಈ ಗತಿ.

ಗಂಜಿನ ಕಟ್ಟೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನು ಚಿಲ್ಲರೆ ಸುರುವುತ್ತಿದ್ದದ್ದು ನೆನಪಿದೆಯಾ? ಅಂಚು ತುಂಡಾದದ್ದು, ಎರಡು ಸಲ ಅಚ್ಚು ಬಿದ್ದದ್ದು, ರಾಜನ ತಲೆ ಪಕ್ಕಕ್ಕೆ ಜಾರಿದ್ದು, ಇಂಥವನ್ನೆಲ್ಲ ಆರಿಸಿ ನನ್ನ ಅಂಗೈಗೆ ಹಾಕುತ್ತಿದ್ದೆ. ನಾನು ಖೋಟಾ ಎಂದರೆ ನೀನು ನಗುತ್ತಿದ್ದೆ. "ಖೋಟಾ ಅಲ್ಲವ್ವ, ಸರಕಾರಿ ಟಂಕಸಾಲ್ಯಾಗ ಅಚ್ಚು ಒತ್ತೂವಾಗ ಕೈ ತಪ್ಯಾದ. ನಿಮ್ಮವ್ವನ ರೊಟ್ಟಿ ಎಲ್ಲಾ ಗುಂಡಗೇ ಬರ್ತಾವೇನು?"

ನಿನ್ನೆ ಠಾಣೆಯಲ್ಲಿ ಫೌಜದಾರರು ಆ ಎಂಟಾಣೆ ತೋರಿಸಿದರು. ಮೈಸೂರು ಕಡೆಯವರು, ಹೊಸಬರು. ರಾಜನ ತಲೆ ಬಲಕ್ಕೆ ಜಾರಿ ಕಿವಿಯ ಹಿಂಭಾಗವೇ ಇರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಇದು ಖೋಟಾ ಅಲ್ಲ, ಟಂಕಸಾಲೆಯಲ್ಲಿ ಕೈ ತಪ್ಪಿದ್ದು ಎಂದೆ. "ನಿಮ್ಮ ತಂದೆ ಮಾತೆಂದರೆ ಗಂಜಿನಲ್ಲಿ ಎಲ್ಲರೂ ನಂಬುತ್ತಿದ್ದರಂತೆ. ಅವರ ಹತ್ತಿರ ಕಲಿತವರು ನೀವು. ನಾಳಿದ್ದು ಬಂದು ಅಂಗಡಿಯವರ ಎದುರಿಗೆ ಹೇಳಿ, ಬಿಟ್ಟುಬಿಡ್ತೀನಿ" ಎಂದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಮೂರು ದಿನದಿಂದ ನೀರೂ ಮುಟ್ಟದವಳು ಎದ್ದು ಒಲೆ ಹೊತ್ತಿಸಿದಳು.

ಅವನಿಗೆ ಒಯ್ಯಲೆಂದು ಇವತ್ತು ಅಂಗಿ ತೆಗೆಯಲು ಹೋದೆ. ಟ್ರಂಕಿನ ತಳದಲ್ಲಿ ಒಂದು ಅರಿವೆಯ ಗಂಟು. ಬಿಚ್ಚಿದರೆ ಎಂಟಾಣೆಗಳು. ಎಲ್ಲದರಲ್ಲೂ ತಲೆ ಬಲಕ್ಕೇ ಜಾರಿದೆ, ಕಿವಿ ಅಲ್ಲಿಗೇ ಮುಗಿದಿದೆ. ಒಂದನ್ನು ಕಲ್ಲಿನ ಮೇಲೆ ಬಿಟ್ಟೆ. ಖರೆ ನಾಣ್ಯದ ಹಾಗೆ ಖಣ್ ಎನ್ನಲಿಲ್ಲ, ಮಣ್ಣಿನ ಹೆಂಟೆ ಬಿದ್ದಂತೆ ಸದ್ದು.

ನೀನೇ ಹೇಳಿದ್ದಲ್ಲವೇ? "ಕೈ ತಪ್ಪಿದ್ದು ಒಂದರ ಹಾಂಗ ಒಂದು ಇರೂದಿಲ್ಲವ್ವ. ಎರಡ್ರಾಗ ಅದೇ ತಪ್ಪು ಅಲ್ಲೇ ಕಂಡ್ರ, ಯಾರೋ ಮನ್ಯಾಗ ಎರಕಾ ಹೊಯ್ದಾರಂತ ತಿಳಿ." ಯಾಕೆ ಕಲಿಸಿದೆ ಅಪ್ಪಾ? ಕಲಿಸದಿದ್ದರೆ ಇವತ್ತು ನಾನೂ ಅವ್ವನ ಹಾಗೆ...

ಇವನೇ ಹೊಯ್ದನೋ, ಇವನ ಜೊತೆ ತಿರುಗುವ ಡಾಬಕಾ ಊರಿನ ಗೆಳೆಯ ಹೊಯ್ದು ಇವನ ಕೈಗೆ ಕೊಟ್ಟನೋ, ನನಗೆ ಗೊತ್ತಿಲ್ಲ. ಅವ್ವ ಅವನಿಗಾಗಿ ಹೋಳಿಗೆಗೆ ಬೇಳೆ ಇಟ್ಟಿದ್ದಾಳೆ. ಅವಳ ಮುಂದೆ ಏನಂತ ಬಾಯಿ ತೆರೆಯಲಿ? ನೀನಾಗಿದ್ದರೆ ನಿಜ ಹೇಳುತ್ತಿದ್ದೆ, ಬಲ್ಲೆ. ನನ್ನ ಕೈಯಲ್ಲಿ ಆಗುವುದಿಲ್ಲ.

ಗಂಟನ್ನು ಹಿತ್ತಲ ಬಾವಿಗೆ ಹಾಕಿ ಬಂದಿದ್ದೇನೆ. ನಾಳೆ ಅಂಗಡಿಯವರ ಎದುರಿಗೆ ನಿಂತು ಟಂಕಸಾಲೆಯಲ್ಲಿ ಕೈ ತಪ್ಪಿದ್ದು ಎಂದೇ ಹೇಳುತ್ತೇನೆ. ಅವರು ನಂಬುತ್ತಾರೆ, ನಿನ್ನ ಮಗಳಲ್ಲವೇ. ಒಂದು ಮಾತು ಕೊಡುತ್ತೇನೆ ಅಪ್ಪಾ: ಇನ್ನು ಮುಂದೆ ಯಾರು ಬಂದು ಖರೆಯೋ ಖೋಟಾನೋ ಎಂದು ಕೇಳಿದರೂ, ನನಗೆ ತಿಳಿಯುವುದಿಲ್ಲ ಎನ್ನುತ್ತೇನೆ.

ನಿನ್ನ ಮಗಳು,
ಕಾಶಮ್ಮ